ಜವಳಗಿರಿ: ಗುಜರಿ ಗಾಡಿಗೆ ಕಿವಿಗೊಡುವ ಊರು

ಜವಳಗಿರಿಗೆ ಬರುವ ಬಸ್ಸಿನ ಬೋರ್ಡು ತಮಿಳಿನಲ್ಲಿದೆ, ಅಂಗಡಿ ಬೀದಿಯ ಚೌಕಾಸಿಯಲ್ಲಿ ತೆಲುಗು ಧಾರಾಳವಾಗಿ ಬೆರೆಯುತ್ತದೆ, ಎಷ್ಟೋ ಮನೆಗಳ ಒಳಮಾತು ಮಾತ್ರ ಕನ್ನಡ. ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಡೆಂಕಣಿಕೋಟೆ ತಾಲ್ಲೂಕಿನ ಈ ಊರು ತಳಿ ಸೀಮೆಯ ಕಾಡಂಚಿನಲ್ಲಿದೆ. ಒಂದು ಕಾಲಕ್ಕೆ ಸೇಲಂ ಜಿಲ್ಲೆ, 1965ರಿಂದ ಧರ್ಮಪುರಿ, 2004ರಿಂದ ಕೃಷ್ಣಗಿರಿ. ಜಿಲ್ಲಾ ಕಚೇರಿ ಎಲ್ಲಿಗೆ ಹೋದರೂ ಆನೆಗಳ ದಾರಿ ಬದಲಾಗಿಲ್ಲ. ರಾಗಿ ತೆನೆ ಕಟ್ಟುವ ಹೊತ್ತಿಗೆ ಬನ್ನೇರುಘಟ್ಟದ ಕಡೆಯಿಂದ ಅವು ಜವಳಗಿರಿ ಅರಣ್ಯಕ್ಕೆ ಇಳಿಯುತ್ತವೆ, ಹೊಲದ ಅಟ್ಟಣೆಯಲ್ಲಿ ರಾತ್ರಿ ಕಾವಲು ಶುರುವಾಗುತ್ತದೆ. ಇದೇ ಕಾಡಿನ ಹರವಿನಲ್ಲಿ 2014ರಲ್ಲಿ ಕಾವೇರಿ ಉತ್ತರ ವನ್ಯಜೀವಿ ಧಾಮ ಘೋಷಣೆಯಾಯಿತು.

ರಾಗಿ, ಹುರುಳಿ, ಅವರೆ, ನಾಲ್ಕು ಹಸು, ಕೆಲವರಿಗೆ ಹಿಪ್ಪುನೇರಳೆ ತೋಟ, ಉಳಿದವರಿಗೆ ಕೂಲಿ ಅಥವಾ ಹೊಸೂರಿನ ಕಾರ್ಖಾನೆಯ ಪಾಳಿ ಕೆಲಸ. ಈ ಸೀಮೆಯ ಬದುಕು ಹೆಚ್ಚೂಕಡಿಮೆ ಹೀಗೆ. ಇಲ್ಲಿನ ಬಡ ಮನೆಗಳು ಕಸವನ್ನು ನೋಡುವ ರೀತಿ ಪಟ್ಟಣದವರದ್ದಕ್ಕಿಂತ ಬೇರೆ. ಪಟ್ಟಣದಲ್ಲಿ ಕಸ ಬೇರ್ಪಡಿಸಿ ಎಂದು ಹೇಳಲು ಹೈಕೋರ್ಟ್ ಆದೇಶ ಬೇಕಾಯಿತು, ದಂಡದ ನಿಯಮ ಬೇಕಾಯಿತು. ಹಳ್ಳಿಯ ಹಿತ್ತಲಲ್ಲಿ ಆ ಕೆಲಸ ಯಾರ ಆದೇಶವೂ ಇಲ್ಲದೆ ನಡೆಯುತ್ತ ಬಂದಿದೆ. ಯಾವ ಆಸೆಗೆ, ಯಾವ ಲೆಕ್ಕಕ್ಕೆ ಅದು ನಡೆಯುತ್ತದೆ ಎಂದು ಹುಡುಕಿದರೆ ಉತ್ತರ ಗೋಡೆಬರಹಗಳಲ್ಲಿ ಸಿಗುವುದಿಲ್ಲ, ಹಿತ್ತಲ ಗೋಡೆಗೆ ಒರಗಿಸಿಟ್ಟ ಯೂರಿಯಾ ಚೀಲದಲ್ಲಿ ಸಿಗುತ್ತದೆ.

ಆ ಚೀಲದೊಳಗೆ ಕೈಯಾಡಿಸಿದರೆ ಮನೆಯ ಇಡೀ ವ್ಯವಹಾರ ಹೊರಬರುತ್ತದೆ. ಮುರಿದ ಪ್ಲಾಸ್ಟಿಕ್ ಬಿಂದಿಗೆ, ಸೀಮೆಹಸುವಿನ ಔಷಧದ ಖಾಲಿ ಡಬ್ಬ, ಹರಿದ ರಬ್ಬರ್ ಚಪ್ಪಲಿ, ಸವೆದ ಕುಡುಗೋಲು, ತೂತುಬಿದ್ದ ಅಲ್ಯೂಮಿನಿಯಂ ಪಾತ್ರೆ, ತೊಳೆದು ಮಡಿಚಿಟ್ಟ ಹಾಲಿನ ಕವರು. ಅಲ್ಯೂಮಿನಿಯಂ ಪಾತ್ರೆಯನ್ನು ಮಾತ್ರ ಚೀಲಕ್ಕೆ ಹಾಕದೆ ಒಳಗೆ ಮಂಚದ ಕೆಳಗೆ ಇಡುವವರೂ ಉಂಟು. ಅಡುಗೆಮನೆಯಿಂದ ಬರುವ ಗುಜರಿಯಲ್ಲಿ ಹಿತ್ತಾಳೆ, ತಾಮ್ರ ಬಿಟ್ಟರೆ ಅದಕ್ಕೇ ಹೆಚ್ಚು ಬೆಲೆ ಎಂಬುದು ಇಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಅದಿರಿನಿಂದ ಹೊಸದಾಗಿ ತೆಗೆಯುವುದಕ್ಕಿಂತ ಹಳೆಯದನ್ನು ಕರಗಿಸಿದರೆ ಶೇ 95ರಷ್ಟು ವಿದ್ಯುತ್ತು, ಇಂಧನ ಉಳಿಯುತ್ತದೆ. ಕಾರ್ಖಾನೆಯವರಿಗಾಗುವ ಆ ಉಳಿತಾಯದ ಒಂದು ಚೂರು ಗುಜರಿ ದರವಾಗಿ ಈ ಮಂಚದ ಕೆಳಗಿನವರೆಗೂ ಬಂದು ತಲುಪುತ್ತದೆ.

ಬೀದಿಯ ತುದಿಯಲ್ಲಿ ಗುಜರಿ ಗಾಡಿಯ ಮೈಕು ಕೂಗುತ್ತದೆ. ಮೊದಲು ತಮಿಳಿನಲ್ಲಿ, ಆಮೇಲೆ ಕನ್ನಡದಲ್ಲಿ: ಹಳೇ ಕಬ್ಬಿಣ, ಪ್ಲಾಸ್ಟಿಕ್ ಸಾಮಾನು, ಹಳೇ ಪೇಪರ್, ರಟ್ಟು, ಬ್ಯಾಟರಿ. ಟೆಂಪೊ ಇಲ್ಲದವನು ಮೊಪೆಡ್ಡಿನಲ್ಲಿ ಬರುತ್ತಾನೆ. ಬಹುಪಾಲು ಅದು ಟಿವಿಎಸ್. 1980ರಲ್ಲಿ ಹೊಸೂರಿನ ಕಾರ್ಖಾನೆಯಿಂದಲೇ ಹೊರಬಿದ್ದ ಟಿವಿಎಸ್ 50ರ ವಂಶದ ಗಾಡಿ. ಸೀಟಿನ ಹಿಂದೆ ಆಳೆತ್ತರಕ್ಕೆ ಮೂಟೆ, ಹ್ಯಾಂಡಲಿಗೆ ನೇತುಹಾಕಿದ ಸ್ಪ್ರಿಂಗ್ ತಕ್ಕಡಿ. ಮಾತುಕತೆ ಹೆಚ್ಚಾಗಿ ಒಂದೇ ಧಾಟಿಯಲ್ಲಿ ಸಾಗುತ್ತದೆ.

“ಅಕ್ಕಾ, ತಗಡು ಬೇರೆ, ಕಬ್ಬಿಣ ಬೇರೆ. ಎರಡಕ್ಕೂ ಒಂದೇ ರೇಟ್ ಬರಲ್ಲ.”

“ಹೋದ ಸಲ ಒಂದೇ ರೇಟಿಗೆ ತಗೊಂಡು ಹೋಗಿಲ್ವೇನಪ್ಪಾ? ತಕ್ಕಡಿ ಮೇಲಕ್ಕೆತ್ತಿ ಹಿಡಿ, ಮುಳ್ಳು ನನಗೂ ಕಾಣ್ಲಿ.”

ಐವತ್ತೋ ಎಂಬತ್ತೋ ರೂಪಾಯಿ ಕೈ ಬದಲಾಗುತ್ತದೆ. ಮೊತ್ತ ಸಣ್ಣದು, ಆದರೆ ಅದು ಬರುವ ದಾರಿ ಮುಖ್ಯ. ಉದ್ಯೋಗ ಖಾತರಿ ಕೆಲಸದ ಕೂಲಿ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. ಡೇರಿಯ ಹಾಲಿನ ಬಟವಾಡೆ ಬರುವ ಮುಂಚೆಯೇ ಅದರಿಂದ ತೀರಿಸಬೇಕಾದ ಸಾಲ ಕಾದು ಕೂತಿರುತ್ತದೆ. ರಾಗಿ ಮಾರಿದ ದುಡ್ಡು ಗಂಡಸಿನ ಜೇಬು ಸೇರುತ್ತದೆ. ಗುಜರಿಯ ದುಡ್ಡು ಮಾತ್ರ ಹೊಸ್ತಿಲ ಬಳಿ, ನಗದಾಗಿ, ಹೆಂಗಸಿನ ಕೈಗೇ ಬರುತ್ತದೆ. ಮಗುವಿನ ನೋಟ್‌ಬುಕ್ಕಿಗೆ, ಒಂದು ಹಿಡಿ ಬೆಳ್ಳುಳ್ಳಿಗೆ, ಬಸ್ ಚಾರ್ಜಿಗೆ ಯಾರನ್ನೂ ಕೇಳದೆ ಅದನ್ನು ಖರ್ಚು ಮಾಡಬಹುದು. ಬಡವರು ಕಸ ಕೂಡಿಡುವುದು ದುಡ್ಡಿಗಾಗಿ ಎಂಬ ಮಾತು ನಿಜ, ಆದರೆ ಅರ್ಧ ನಿಜ. ಅದು ಯಾರ ಕೈಯಲ್ಲಿ ಉಳಿಯುವ ದುಡ್ಡು ಎಂಬುದನ್ನು ಸೇರಿಸಿದರೆ ಮಾತು ಪೂರ್ತಿಯಾಗುತ್ತದೆ.

ಈ ಕೊಡು-ಕೊಳ್ಳುವಿಕೆಗೆ ನಗದೇ ಆಗಬೇಕೆಂದೂ ಇರಲಿಲ್ಲ. ಹಳೇ ಕಬ್ಬಿಣ, ಸೀಸ, ಹಿತ್ತಾಳೆಗೆ ಖರ್ಜೂರ ಕೊಡುವ ವ್ಯಾಪಾರಿಗಳು ತಮಿಳು ಸೀಮೆಯ ಹಿರಿಯರಿಗೆ ಚೆನ್ನಾಗಿ ನೆನಪಿದ್ದಾರೆ. ಕರ್ನಾಟಕದ ಕಡೆ ಐಸ್ ಕ್ಯಾಂಡಿ, ಕಡಲೆ ಮಿಠಾಯಿ, ಈರುಳ್ಳಿ, ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ. ಬಾಚಣಿಗೆಯಲ್ಲಿ ಉಳಿದ ಕೂದಲನ್ನು ಉಂಡೆ ಕಟ್ಟಿ ಗೋಡೆಯ ಸಂದಿಗೆ ಸಿಕ್ಕಿಸಿಡುವ ಹೆಂಗಸರನ್ನು ಕರ್ನಾಟಕದ ಯಾವ ಹಳ್ಳಿಯಲ್ಲೂ ಕಾಣಬಹುದು. ಪಿನ್ನಿಗೋ ಪಾತ್ರೆಗೋ ಬದಲಾಗುವ ಇಂಥ ಕೂದಲನ್ನೇ ನಂಬಿ ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಒಂದು ಉದ್ಯಮ ಬೆಳೆದಿದೆ. ಅಲ್ಲಿ ಬಿಡಿಸಿ, ತೊಳೆದು, ಅಳತೆಗೆ ತಕ್ಕಂತೆ ವಿಂಗಡಿಸಿದ ಕೂದಲು ವಿದೇಶಗಳಿಗೆ ಹೋಗುತ್ತದೆ. ಕೊಳ್ಳುವವನು ಬಾಗಿಲಿಗೆ ಬಂದರೆ ತಲೆಗೂದಲೂ ಕಸವಾಗುವುದಿಲ್ಲ.

ಇನ್ನು ಹಸಿ ಕಸ. ಜವಳಗಿರಿಯಂಥ ಊರಿನಲ್ಲಿ ಅದೊಂದು ಸಮಸ್ಯೆಯೇ ಅಲ್ಲ. ಅಕ್ಕಿ ತೊಳೆದ ನೀರು, ಗಂಜಿ, ತರಕಾರಿ ಸಿಪ್ಪೆ ಕಲಗಚ್ಚಾಗಿ ಹಸುವಿಗೆ ಹೋಗುತ್ತದೆ. ರೇಷ್ಮೆಹುಳು ತಿಂದು ಬಿಟ್ಟ ಸೊಪ್ಪಿನ ದಂಟು, ಹಿಕ್ಕೆ, ಸಗಣಿ, ಬೂದಿ ತಿಪ್ಪೆಗೆ. ಮಳೆಗಾಲಕ್ಕೆ ಮುಂಚೆ ತಿಪ್ಪೆ ಹೊಲ ಸೇರುತ್ತದೆ. ದನ ಮಾರಿದ ಮನೆಯಲ್ಲಿ ಮಾತ್ರ ಈ ಸರಪಳಿ ತುಂಡಾಗುತ್ತದೆ. ಅಲ್ಲಿ ಸಿಪ್ಪೆಯೂ ಕವರೂ ಒಟ್ಟಿಗೆ ಬೀದಿಗೆ ಬೀಳುತ್ತವೆ. ಹಸು ಕಟ್ಟುವುದು ಕಡಿಮೆಯಾದಂತೆಲ್ಲ ಹಳ್ಳಿಗಳಲ್ಲಿ ಕಸ ಏಕೆ ಕಣ್ಣಿಗೆ ರಾಚುತ್ತಿದೆ ಎಂಬುದಕ್ಕೆ ಬೇರೆ ಸಂಶೋಧನೆ ಬೇಕಿಲ್ಲ.

ಸರ್ಕಾರ ಕೊಟ್ಟ ಸಾಮಾನಿನದ್ದೂ ಒಂದು ಕಥೆಯಿದೆ. 2006ರಲ್ಲಿ ಅಧಿಕಾರಕ್ಕೆ ಬಂದ ಡಿಎಂಕೆ ಸರ್ಕಾರ ತಮಿಳುನಾಡಿನ ಮನೆಮನೆಗೆ ಕಲರ್ ಟಿವಿ ಹಂಚಿತು. 2011ರ ನಂತರ ಜಯಲಲಿತಾ ಸರ್ಕಾರ ಮಿಕ್ಸಿ, ಗ್ರೈಂಡರ್, ಫ್ಯಾನ್ ಕೊಟ್ಟಿತು. ಹತ್ತಿರದಲ್ಲೇ ಕರ್ನಾಟಕದಲ್ಲಿರುವ ಆನೇಕಲ್ಲಿನ ನೆಂಟರಿಗೆ ಇಲ್ಲದ ಭಾಗ್ಯ ಗಡಿಯ ಈ ಬದಿಯ ಕನ್ನಡದ ಮನೆಗಳಿಗೆ ಸಿಕ್ಕಿತು. ಆ ಮಿಕ್ಸಿ, ಫ್ಯಾನುಗಳು ಕೆಟ್ಟಾಗ ಅವುಗಳ ಮೋಟಾರಿನ ತಾಮ್ರದ ಸುರುಳಿಗೆ ಗಿರಾಕಿ ಇದ್ದೇ ಇರುತ್ತಾನೆ. ಟಿವಿಯಲ್ಲೂ ತಾಮ್ರ ಇದೆ, ಅದನ್ನು ಬಿಚ್ಚಿಕೊಳ್ಳುತ್ತಾರೆ. ಸೀಸ ಬೆರೆತ ಗಾಜಿನ ಪಿಕ್ಚರ್ ಟ್ಯೂಬ್ ಮಾತ್ರ ಯಾರಿಗೂ ಬೇಡ. ಹಂಚುವ ಹೊತ್ತಿನಲ್ಲಿ ರೇಷನ್ ಕಾರ್ಡಿನ ಲೆಕ್ಕ ಕರಾರುವಾಕ್ಕಾಗಿತ್ತು. ವಾಪಸು ಪಡೆಯುವ ದಾರಿಯನ್ನು ಯೋಜನೆಯೊಳಗೆ ಸೇರಿಸಿರಲಿಲ್ಲ.

ಕೊಳ್ಳುವವನಿರುವ ಕಸ, ಇಲ್ಲದ ಕಸ ಎಂಬ ಭೇದ ಹೊಲದಲ್ಲೂ ಇದೆ. ಟೊಮೆಟೊ, ಕೋಸು ಬೆಳೆಯುವವರ ಹನಿ ನೀರಾವರಿ ಪೈಪು ಹಳತಾದರೆ ಸುರುಳಿ ಸುತ್ತಿ ಗುಜರಿಗೆ ಹಾಕುತ್ತಾರೆ, ತೂಕಕ್ಕೆ ತಕ್ಕ ಕಾಸು ಬರುತ್ತದೆ. ಸಾಲಿನ ಮೇಲೆ ಹಾಸಿದ ಮಲ್ಚಿಂಗ್ ಶೀಟಿನ ದಪ್ಪ ಬರೀ 25–30 ಮೈಕ್ರಾನ್. ಫಸಲು ಮುಗಿಯುವ ಹೊತ್ತಿಗೆ ಅದು ಚಿಂದಿಯಾಗಿ, ಮಣ್ಣು ಮೆತ್ತಿಕೊಂಡು, ಮುಟ್ಟುವವರಿಲ್ಲದೆ ಬದುವಿನಲ್ಲಿ ರಾಶಿ ಬೀಳುತ್ತದೆ, ಆಮೇಲೆ ಬೆಂಕಿ. ಪೈಪನ್ನೂ ಶೀಟನ್ನೂ ಬಳಸಿದವನು ಒಬ್ಬನೇ ರೈತ. ಒಂದರ ವಿಷಯದಲ್ಲಿ ಜಾಗೃತ, ಇನ್ನೊಂದರಲ್ಲಿ ಬೇಜವಾಬ್ದಾರ ಎಂದು ಅವನನ್ನು ದೂರುವುದು ಅನ್ಯಾಯ.

ಮನೆಯೊಳಗೆ ಆ ಬೆಂಕಿಯ ಜಾಗ ಹಂಡೆ ಒಲೆ. ಬೆಳಗಿನ ಸ್ನಾನದ ನೀರಿಗೆ ಒಲೆ ಹೊತ್ತಿಸುವಾಗ ಹಸಿ ಸೌದೆಯ ಅಡಿಗೆ ಒಂದು ಚಿಪ್ಸ್ ಕವರು, ಒಂದು ಬಿಸ್ಕತ್ ಕವರು ತುರುಕಿದರೆ ಸೀಮೆಎಣ್ಣೆ ಬೇಡ. ಕವರು ಸುರುಟಿಕೊಂಡು, ಹನಿಹನಿಯಾಗಿ ಉರಿಯುತ್ತ ತೊಟ್ಟಿಕ್ಕುತ್ತದೆ. ಕಪ್ಪು ಹೊಗೆ ಮೊದಲು ಹೋಗುವುದು ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತವಳ ಮೂಗಿಗೆ. ಪಿವಿಸಿ ಚೂರು ಸೇರಿದ್ದರೆ ಡಯಾಕ್ಸಿನ್‌ನಂಥ ವಿಷ ಹುಟ್ಟುತ್ತದೆ. ತಮಿಳುನಾಡು 2019ರ ಜನವರಿ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿನ 14 ಬಗೆಗಳನ್ನು ನಿಷೇಧಿಸಿತು, 2021ರ ಡಿಸೆಂಬರಿನಲ್ಲಿ ಹಳದಿ ಬಟ್ಟೆಚೀಲವನ್ನು ಮತ್ತೆ ಬಳಕೆಗೆ ತರುವ ‘ಮೀಂಡುಂ ಮಂಜಪ್ಪೈ’ ಅಭಿಯಾನ ಶುರುವಾಯಿತು. ಒಳ್ಳೆಯ ಕೆಲಸ. ಆದರೆ ಐದು ರೂಪಾಯಿಯ ಚಿಪ್ಸ್ ಪೊಟ್ಟಣ ಅಂಗಡಿಯ ಬಾಗಿಲಲ್ಲಿ ಮಾಲೆಯಾಗಿ ತೂಗುತ್ತಲೇ ಇದೆ. ಹಲವು ಪದರ ಅಂಟಿಸಿ ಮಾಡಿದ ಆ ಕವರಿಗೆ ಗುಜರಿಯಲ್ಲಿ ಬೆಲೆಯಿಲ್ಲ. ಒಂದು ಕಿಲೋ ಆಗಬೇಕಾದರೆ ಮುನ್ನೂರು, ನಾನೂರು ಕವರು ಕೂಡಬೇಕು. ಸಂಜೆ ಕೂಲಿಯಿಂದ ಬಂದವಳಿಗೆ ಅಷ್ಟು ಆರಿಸಿಡು ಎಂದು ಉಪದೇಶ ಮಾಡುವವರು ಆ ಮುನ್ನೂರಕ್ಕೆ ಏನು ಕೊಡುತ್ತೀರಿ ಎಂಬ ಪ್ರಶ್ನೆಗೂ ತಯಾರಿರಬೇಕು.

ಬೆಲೆ ಕಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ತಮಿಳುನಾಡಿನಲ್ಲೇ ಪುರಾವೆಯಿದೆ. ನೀಲಗಿರಿಯ ಕಾಡುದಾರಿಗಳಲ್ಲಿ ಬಿದ್ದ ಮದ್ಯದ ಬಾಟಲಿ ಒಡೆದು, ಗಾಜು ಆನೆಗಳ ಕಾಲಿಗೆ ಚುಚ್ಚುವ ವಿಷಯ ಮದ್ರಾಸ್ ಹೈಕೋರ್ಟಿನ ಮುಂದೆ ಬಂತು. ಕೋರ್ಟಿನ ಒತ್ತಾಯದ ಮೇಲೆ 2022ರ ಮೇ ತಿಂಗಳಲ್ಲಿ ಅಲ್ಲಿನ ಸರ್ಕಾರಿ ಮದ್ಯದಂಗಡಿಗಳಾದ ಟಾಸ್ಮಾಕ್‌ಗಳು ಬಾಟಲಿಗೆ 10 ರೂಪಾಯಿ ಹೆಚ್ಚು ಪಡೆದು, ಖಾಲಿ ಬಾಟಲಿ ತಂದರೆ ಆ ಹಣ ಮರಳಿಸತೊಡಗಿದವು. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಬಾಟಲಿ ವಾಪಸು ಬಂದವು. ಕುಡಿದವನು ತರದಿದ್ದರೆ ಆಯ್ದವನು ತಂದ. ಪದ್ಧತಿ ಆಮೇಲೆ ಬೇರೆ ಜಿಲ್ಲೆಗಳಿಗೂ ಹಬ್ಬಿತು. ಆನೆ ನಡೆಯುವ ಜವಳಗಿರಿಯಂಥ ಊರಿಗೆ ಇದು ಹೇಳಿ ಮಾಡಿಸಿದ ಏರ್ಪಾಟು. ಗಡಿಯೊಂದೇ ತೊಡಕು: ಕರ್ನಾಟಕದ ಅಗ್ಗದ ಮದ್ಯ ಕಾಗದದ ಟೆಟ್ರಾ ಪ್ಯಾಕುಗಳಲ್ಲಿ ಕದ್ದುಮುಚ್ಚಿ ಕೃಷ್ಣಗಿರಿ ಜಿಲ್ಲೆಗೆ ಬರುತ್ತದೆ. ಆ ಪ್ಯಾಕಿಗೆ ಠೇವಣಿಯೂ ಇಲ್ಲ, ಗುಜರಿ ಬೆಲೆಯೂ ಇಲ್ಲ. ಒಂದೇ ಕಾಡಿಗೆ ಎರಡು ರಾಜ್ಯದ ಕಸ ಬೀಳುವಾಗ ಒಂದು ರಾಜ್ಯ ಮಾತ್ರ ಲೆಕ್ಕ ಇಟ್ಟರೆ ಸಾಲದು. 2025ರ ಮೇ ತಿಂಗಳಲ್ಲಿ ಕೊಯಮತ್ತೂರಿನ ಮರುದಮಲೆಯ ಬಳಿ ಸತ್ತ ಗಬ್ಬದ ಆನೆಯ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಸಿಕ್ಕಿದ್ದನ್ನು ಈ ಸೀಮೆಯ ಅರಣ್ಯದವರೂ ಊರಿನವರೂ ಮರೆಯುವಂತಿಲ್ಲ.

ಜಗತ್ತಿನ ಬೇರೆಡೆಯೂ ಬಡವರ ಓಣಿಗಳಲ್ಲಿ ಗೆದ್ದ ಯೋಜನೆಗಳು ಮೊದಲು ಕೈಗೆ ಏನನ್ನಾದರೂ ಕೊಟ್ಟವು. ಬ್ರೆಜಿಲಿನ ಕುರಿಟಿಬಾ ನಗರ 1991ರಲ್ಲಿ ನಾಲ್ಕು ಕಿಲೋ ಒಣ ಕಸಕ್ಕೆ ಒಂದು ಕಿಲೋ ಹಣ್ಣು-ತರಕಾರಿ ಕೊಡಲು ಶುರುಮಾಡಿತು. ಛತ್ತೀಸಗಢದ ಅಂಬಿಕಾಪುರದಲ್ಲಿ 2019ರಿಂದ ಒಂದು ಕಿಲೋ ಪ್ಲಾಸ್ಟಿಕ್ಕಿಗೆ ಒಂದು ಊಟ. ಗುವಾಹಟಿ ಬಳಿಯ ಅಕ್ಷರ್ ಶಾಲೆಯಲ್ಲಿ ಮಕ್ಕಳು ತರುವ ಪ್ಲಾಸ್ಟಿಕ್ಕೇ ಶುಲ್ಕ. ಉಡುಪಿ ಜಿಲ್ಲೆಯ ದಾರಿ ಕೊಂಚ ಬೇರೆ: ತಮಿಳುನಾಡಿನ ವೆಲ್ಲೂರು ಶ್ರೀನಿವಾಸನ್ ಅವರ ವಿಧಾನವನ್ನು ವಂಡ್ಸೆ ಗ್ರಾಮ ಪಂಚಾಯಿತಿ ಅಳವಡಿಸಿಕೊಂಡು ಮನೆಮನೆಯ ಕಸವನ್ನು ಕೈಯಾರೆ ಹತ್ತಾರು ಬಗೆಯಾಗಿ ವಿಂಗಡಿಸಿ ಮಾರಿತು. ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ಹಲವು ಪಂಚಾಯಿತಿಗಳ ಒಣ ಕಸ ಒಂದೇ ಘಟಕಕ್ಕೆ ಬರುತ್ತದೆ. ಮರುಬಳಕೆಗೆ ಬಾರದ ಕವರುಗಳಿಗೆ ಸಿಮೆಂಟ್ ಕಾರ್ಖಾನೆಯ ಕುಲುಮೆ ದಾರಿಯಾಗುವುದು ಇಂಥ ದೊಡ್ಡ ಘಟಕಗಳಿಂದಲೇ. ಚಿಪ್ಸ್ ಕವರಿಗೆ ಒಂದು ಗತಿ ಕಾಣಿಸಬೇಕಾದರೆ ಒಂಟಿ ಊರು ಸಾಲದು, ಟನ್ನುಗಟ್ಟಲೆ ಒಟ್ಟಾಗಬೇಕು ಎಂಬುದು ಅಲ್ಲಿನ ಅನುಭವ.

ಆದರೆ ಬೆಲೆಯನ್ನೇ ನಂಬಿದ ವ್ಯವಸ್ಥೆ ಬೆಲೆಯೊಂದಿಗೇ ಕುಸಿಯುತ್ತದೆ. 2008ರ ಜಾಗತಿಕ ಹಿಂಜರಿತದಲ್ಲಿ ಗುಜರಿ ದರ ನೆಲಕಚ್ಚಿತು. 2020ರ ಲಾಕ್‌ಡೌನಿನಲ್ಲಿ ಗಾಡಿಯೇ ಬರಲಿಲ್ಲ. 2021ರ ಅಕ್ಟೋಬರಿನಲ್ಲಿ ಪ್ಲಾಸ್ಟಿಕ್ ಗುಜರಿಯ ಮೇಲಿನ ಜಿಎಸ್‌ಟಿ ಶೇ 5ರಿಂದ 18ಕ್ಕೆ ಏರಿತು. ಮೇಲಿನ ವ್ಯಾಪಾರಿಗೆ ಹೊರೆಯಾದದ್ದು ಕೆಳಗಿನವರ ದರದಲ್ಲೇ ಮುರಿದುಕೊಳ್ಳುವಂಥದ್ದು. ದರ ಬಿದ್ದ ತಿಂಗಳು ಹಿತ್ತಲ ಚೀಲ ತುಂಬಿ ತುಳುಕುತ್ತದೆ, ಮಳೆ ಬಂದರೆ ನೆನೆಯುತ್ತದೆ, ಇಲಿ ಸೇರುತ್ತದೆ. ಎರಡು ಕೋಣೆಯ ಮನೆಯಲ್ಲಿ ಕಸ ಕಾಪಿಡಲು ಜಾಗವೂ ಒಂದು ಬಂಡವಾಳ. ಕೊನೆಗೆ ಪೊಂಗಲ್ ಹಿಂದಿನ ಭೋಗಿಯ ಬೆಂಕಿಗೆ ಎಲ್ಲವೂ ಹೋಗುತ್ತದೆ.

ಈ ಸರಪಳಿಯಲ್ಲಿ ಸರಿಯಾದ ಗೌರವ ಸಿಗದೆ ಉಳಿದವನು ಗುಜರಿಯವನು. ಬೆಂಗಳೂರಿನಲ್ಲಿ ಹಸಿರು ದಳದಂಥ ಸಂಘಟನೆಗಳ ಹೋರಾಟದಿಂದ 2011ರಿಂದ ಚಿಂದಿ ಆಯುವವರಿಗೆ ಬಿಬಿಎಂಪಿಯ ಗುರುತಿನ ಚೀಟಿ ಸಿಗತೊಡಗಿತು, ಹಲವರು ವಾರ್ಡಿನ ಒಣ ಕಸ ಕೇಂದ್ರಗಳನ್ನೇ ನಡೆಸುವಂತಾದರು. ಹಳ್ಳಿ ಸುತ್ತುವ ಮೊಪೆಡ್ಡಿನವನು ನಗರದ ಈ ಕಥೆಯ ಹೊರಗೇ ಇದ್ದಾನೆ. ಪಂಚಾಯಿತಿಯ ಕಸ ಸಂಗ್ರಹಿಸುವ ತೂಯ್ಮೈ ಕಾವಲರ್‌ಗಳು ಬೀದಿ ಗುಡಿಸುತ್ತಾರೆ. ಅವನು ಮನೆಬಾಗಿಲಲ್ಲಿ ತೂಗುತ್ತಾನೆ. ಎರಡೂ ಕೆಲಸ ಕೂಡಿದರೆ ಬೆಲೆಯಿಲ್ಲದ ಕವರಿಗೂ ಒಂದು ದಾರಿ ತೆರೆಯಬಹುದು. ದುಡ್ಡಿನ ಮೂಲವೂ ಕಾನೂನಿನಲ್ಲಿದೆ. ಪ್ಲಾಸ್ಟಿಕ್ ಪೊಟ್ಟಣದಲ್ಲಿ ಸರಕು ಮಾರುವ ಕಂಪನಿಗಳೇ ಅದನ್ನು ವಾಪಸು ಸಂಗ್ರಹಿಸುವ ಹೊಣೆ ಹೊರಬೇಕೆಂದು ಕೇಂದ್ರ ಸರ್ಕಾರ 2022ರ ಫೆಬ್ರುವರಿಯಲ್ಲಿ ವಿವರವಾದ ಮಾರ್ಗಸೂಚಿ ಹೊರಡಿಸಿತು. ಆ ಹೊಣೆಯ ಹಣದಲ್ಲಿ ಕಿಲೋಗೆ ನಾಲ್ಕೈದು ರೂಪಾಯಿಯಾದರೂ ಹೊಸ್ತಿಲವರೆಗೆ ಬಂದರೆ ಯೂರಿಯಾ ಚೀಲದ ಪಕ್ಕದಲ್ಲಿ ಇನ್ನೊಂದು ಚೀಲ ಇಡಲು ಜವಳಗಿರಿಯ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ನಾಲ್ಕೈದು ರೂಪಾಯಿಯನ್ನು ಅಲ್ಲಿಗೆ ಮುಟ್ಟಿಸುವ ಕೆಲಸ ಕಂಪನಿಗಳದ್ದು, ಪಂಚಾಯಿತಿಯದ್ದು.