ಹಿಂಬಾಗಿಲ ದೀಪ

ಲಂಡನ್ನಿನ ಕೋವೆಂಟ್ ಗಾರ್ಡನ್ ಚೌಕದಲ್ಲಿ ನಿಂತು ನೋಡಿದರೆ ಸೇಂಟ್ ಪಾಲ್ಸ್ ಚರ್ಚಿನ ದಪ್ಪ ಕಂಬಗಳ ನಡುವೆ ಭರ್ಜರಿ ಬಾಗಿಲೊಂದು ಕಾಣುತ್ತದೆ. ಅದು ತೆರೆಯುವುದಿಲ್ಲ. 1630ರ ದಶಕದಲ್ಲಿ ವಾಸ್ತುಶಿಲ್ಪಿ ಇನಿಗೊ ಜೋನ್ಸ್ ಈ ಚರ್ಚನ್ನು ಕಟ್ಟಿದಾಗ, ಬಲಿಪೀಠ ಪೂರ್ವಕ್ಕೇ ಇರಬೇಕೆಂಬ ಸಂಪ್ರದಾಯ ಅಡ್ಡ ಬಂದು, ಪೂರ್ವದ ಬಾಗಿಲು ಬರೀ ಅಲಂಕಾರವಾಗಿ ಉಳಿಯಿತು. ಒಳಗೆ ಹೋಗಬೇಕಾದವರು ಬಳಸಿಕೊಂಡು ಪಶ್ಚಿಮದ ಅಂಗಳಕ್ಕೆ ಬರಬೇಕು. ಹಿಂದೆ ಅದು ಸ್ಮಶಾನ, ಈಗ ಬೆಂಚುಗಳಿರುವ ತೋಟ. ಸಂಜೆಯಾದರೆ ಅಲ್ಲಿ ದಾರಿ ತೋರುವುದು ಗ್ಯಾಸಿನ ಹಳೇ ದೀಪಕಂಬಗಳು.

ಈ ಬೆಳಕು ನಮ್ಮವರಿಗೆ ಹೊಸದೇನಲ್ಲ. ಮದುವೆ ಚಪ್ಪರದಲ್ಲಿ, ಯಕ್ಷಗಾನದ ರಂಗಸ್ಥಳದಲ್ಲಿ ಸುಯ್‌ಗುಡುತ್ತಿದ್ದ ಪೆಟ್ರೋಮ್ಯಾಕ್ಸ್ ಕಂಡವರಿಗೆ ಮ್ಯಾಂಟಲ್ ಗೊತ್ತು. ಲಂಡನ್ನಿನ ಗ್ಯಾಸ್ ದೀಪದೊಳಗೂ ಅದೇ ಪುಟ್ಟ ಚೀಲ. 1885ರಲ್ಲಿ ಆಸ್ಟ್ರಿಯಾದ ಕಾರ್ಲ್ ಔಯರ್ ಕಂಡುಹಿಡಿದದ್ದು. ಮುಂದೆ ಅವನೇ ಸುಧಾರಿಸಿದಂತೆ, ಥೋರಿಯಂ ಲವಣದ ಜೊತೆ ಚೂರೇ ಚೂರು ಸೀರಿಯಂ ಸೇರಿಸಿ ಅದರಲ್ಲಿ ಅದ್ದಿದ ನೂಲಿನ ಬಲೆ ಮೊದಲ ಉರಿಗೇ ಸುಟ್ಟುಹೋಗುತ್ತದೆ. ಉಳಿದ ಬೂದಿಯ ಬಲೆಯೇ ಬೆಳಗುವುದು. ಬೆರಳು ತಾಗಿದರೆ ಪುಡಿ! ಆ ಥೋರಿಯಂ ಸಿಗುವ ಮೋನಜೈಟ್ ಮರಳು ತಿರುವಾಂಕೂರು ಕರಾವಳಿಯಲ್ಲಿದೆ ಎಂದು 1909ರಲ್ಲಿ ಜರ್ಮನ್ ರಸಾಯನಜ್ಞನೊಬ್ಬ ಪತ್ತೆ ಹಚ್ಚಿದ್ದು, ತೆಂಗಿನ ನಾರಿಗೆ ಅಂಟಿಕೊಂಡು ಹಡಗೇರಿದ್ದ ಮರಳಿನಿಂದ. ಹಗ್ಗ ಮಾರಿದವರಿಗೆ ಆ ಮರಳಿನ ಬೆಲೆಯ ಸುಳಿವೂ ಇರಲಿಲ್ಲ.

ಮ್ಯಾಂಟಲ್ ಬರುವುದಕ್ಕೂ ಎಷ್ಟೋ ಮೊದಲೇ ಲಂಡನ್ನಿನ ಪಾಲ್ ಮಾಲ್ ರಸ್ತೆಯಲ್ಲಿ 1807ರಲ್ಲಿ ಗ್ಯಾಸ್ ಬೆಳಕಿನ ಪ್ರದರ್ಶನ ನಡೆದಿತ್ತು. ಸಾವಿರಕ್ಕೂ ಹೆಚ್ಚು ಗ್ಯಾಸ್ ದೀಪಗಳು ಇಂದೂ ನಗರದಲ್ಲಿ ಉರಿಯುತ್ತಿವೆ. 2021ರ ಹೊತ್ತಿಗೆ ವೆಸ್ಟ್‌ಮಿನ್‌ಸ್ಟರ್ ನಗರಸಭೆ ತನ್ನ ಪಾಲಿನವನ್ನು ಎಲ್‌ಇಡಿಗೆ ಬದಲಿಸಹೊರಟಾಗ ಜನ ಎದ್ದರು. ಅನೇಕ ದೀಪಗಳು ಉಳಿದುಕೊಂಡವು. ನಗರಸಭೆಯ ಲೆಕ್ಕವೂ ತಪ್ಪಲ್ಲ. ಗ್ಯಾಸು ದುಬಾರಿ, ಬಿಡಿಭಾಗ ಅಪರೂಪ. ಆದರೆ ಈ ಬೆಳಕು ಕಣ್ಣು ಕುಕ್ಕುವುದಿಲ್ಲ, ಕಂಬದ ಬುಡದ ಕತ್ತಲೆಯನ್ನು ಪೂರ್ತಿ ಓಡಿಸುವುದೂ ಇಲ್ಲ. ಹಳೇ ಗೋರಿಗಳ ಜಾಗಕ್ಕೆ ಅಷ್ಟೇ ಸಾಕೆನಿಸುತ್ತದೆ.

ಇಂಥ ಹಲವು ದೀಪಗಳ ತಲೆಯಲ್ಲೊಂದು ಗಡಿಯಾರವಿದೆ. ಕತ್ತಲಾಗುವ ಹೊತ್ತಿಗೆ ಅದು ಗ್ಯಾಸ್ ಬಿಡುತ್ತದೆ, ಸದಾ ಉರಿಯುವ ಕುಡಿ ಜ್ವಾಲೆ ಮ್ಯಾಂಟಲ್ ಹೊತ್ತಿಸುತ್ತದೆ. ಎರಡು ವಾರಕ್ಕೊಮ್ಮೆ ದೀಪದವನು ಏಣಿ ಹತ್ತಿ ಕೀಲಿ ಕೊಡುತ್ತಾನೆ, ಗಾಜು ಒರೆಸುತ್ತಾನೆ, ಮ್ಯಾಂಟಲ್ ಒಡೆದಿದ್ದರೆ ಹೊಸದು ಕಟ್ಟಿ ಇಳಿಯುತ್ತಾನೆ.