ಪತ್ರಿಕೆಯ ಚಿತ್ರ, ಪರದೆಯ ಚಿತ್ರ

ನಮ್ಮ ಭಾಷೆಯಲ್ಲಿ ‘ಚಿತ್ರಕಥೆ’ ಎಂಬ ಒಂದೇ ಮಾತು ಎರಡು ವಸ್ತುಗಳಿಗೆ ಸಲ್ಲುತ್ತದೆ. ಪತ್ರಿಕೆಯಲ್ಲಿ ಚೌಕ ಚೌಕವಾಗಿ ಬರೆದ ಚಿತ್ರಗಳ ಮೂಲಕ ನಡೆಯುವ ಕಥೆಯೂ ಚಿತ್ರಕಥೆಯೇ. ಚಲನಚಿತ್ರ ತೆಗೆಯುವವರು ದೃಶ್ಯ ದೃಶ್ಯವಾಗಿ ಬರೆದಿಟ್ಟುಕೊಳ್ಳುವ ಬರವಣಿಗೆಯೂ ಚಿತ್ರಕಥೆಯೇ. ಹೆಸರು ಒಂದಾದುದರಿಂದ ಇವೆರಡೂ ಒಡಹುಟ್ಟುಗಳೆಂದೂ, ಮೊದಲನೆಯದನ್ನು ಎರಡನೆಯದಾಗಿ ಮಾರ್ಪಡಿಸುವುದು ಬಲು ಸುಲಭವೆಂದೂ ತೋರಬಹುದು. ಚಿತ್ರ ಸಿದ್ಧವಾಗಿದೆ, ಮಾತೂ ಸಿದ್ಧವಾಗಿದೆ. ಇನ್ನು ನಟರನ್ನು ತಂದು ನಿಲ್ಲಿಸುವುದಷ್ಟೇ ಉಳಿದ ಕೆಲಸವಲ್ಲವೆ? ಅದು ಅಷ್ಟು ಸುಲಭವಲ್ಲವೆಂಬುದನ್ನು ಈ ಹೊತ್ತು ಸ್ವಲ್ಪ ವಿಚಾರ ಮಾಡೋಣ.

ಕಾದಂಬರಿಯನ್ನು ತೆರೆಗೆ ತರುವವರ ಕಷ್ಟ ನಮಗೆ ಪರಿಚಿತವಾದುದು. ಪುಟ್ಟಣ್ಣ ಕಣಗಾಲರು 1972ರಲ್ಲಿ ನಿರ್ದೇಶಿಸಿದ ‘ನಾಗರಹಾವು’ ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಒಂದೇ ಚಿತ್ರದಲ್ಲಿ ಅಡಕಮಾಡಿತು. ಜಗಳೂರು ಆಗ ಚಿತ್ರದುರ್ಗ ಜಿಲ್ಲೆಯ ತಾಲ್ಲೂಕು. ದುರ್ಗದ ಬಂಡೆಗಳನ್ನು ಬಲ್ಲ ಆ ಕಡೆಯ ಜನ ಆ ಚಿತ್ರವನ್ನು ತಮ್ಮದೆಂದೇ ಭಾವಿಸಿದ್ದರೆ ಆಶ್ಚರ್ಯವಿಲ್ಲ. ಅಲ್ಲಿ ನಿರ್ದೇಶಕರಿಗಿದ್ದ ಮುಖ್ಯ ಪ್ರಶ್ನೆ, ಇಷ್ಟೊಂದರಲ್ಲಿ ಯಾವುದನ್ನು ಬಿಡಬೇಕು ಎಂಬುದು. ಪತ್ರಿಕೆಯ ಚಿತ್ರಪಟ್ಟಿಯ ಸಂಗತಿ ಇದಕ್ಕೆ ತೀರ ವಿರುದ್ಧ. ದಿನಕ್ಕೆ ಮೂರೋ ನಾಲ್ಕೋ ಚೌಕ, ಚೌಕಕ್ಕೆ ಒಂದೆರಡು ಸಾಲಿನ ಮಾತು. ಉಳಿದುದೆಲ್ಲ ಬರಿದಾದ ಬಿಳಿಯ ಜಾಗ. ಮೊದಲ ಚೌಕದಲ್ಲಿ ಕೈಯೆತ್ತಿದವನು ಎರಡನೆಯ ಚೌಕದ ಹೊತ್ತಿಗೆ ಹೊಡೆದು ಮುಗಿಸಿರುತ್ತಾನೆ. ಹೊಡೆತ ಬಿದ್ದದ್ದು ಓದುಗನ ಮನಸ್ಸಿನಲ್ಲಿ. ಓದುಗನ ಪಾಲಿಗೆ ಬಿಟ್ಟುಕೊಟ್ಟ ಈ ಕೆಲಸವನ್ನೆಲ್ಲ ಚಲನಚಿತ್ರ ತಾನೇ ಮಾಡಿ ತೋರಿಸಬೇಕಾಗುತ್ತದೆ.

ಇದನ್ನು ತಿಳಿಯಲು ಚನ್ನಗಿರಿಯ ಕಡೆಯವರು ದೂರ ಹೋಗಬೇಕಾಗಿಲ್ಲ. ತರೀಕೆರೆಯ ಹತ್ತಿರದ ಅಮೃತಪುರದಲ್ಲಿ 1196ರ ಹೊಯ್ಸಳ ದೇವಾಲಯವಿದೆ. ಅದರ ಮಂಟಪದ ಹೊರಗೋಡೆಯಲ್ಲಿ 140 ಕಥಾಫಲಕಗಳಿವೆ. ದಕ್ಷಿಣದ ಕಡೆ 70 ಫಲಕಗಳಲ್ಲಿ ರಾಮಾಯಣ, ಉತ್ತರದ ಕಡೆ 25ರಲ್ಲಿ ಕೃಷ್ಣನ ಕಥೆ, 45ರಲ್ಲಿ ಮಹಾಭಾರತ. ನೋಡುವವನು ಗೋಡೆಯ ಪಕ್ಕದಲ್ಲಿ ನಡೆಯುತ್ತಾ ಓದಬೇಕು. ಬೇಕಾದಲ್ಲಿ ನಿಲ್ಲಬಹುದು, ಹಿಂದಿನ ಫಲಕಕ್ಕೆ ಮರಳಬಹುದು. ಕಥೆಯ ವೇಗ ಅವನ ಕಾಲಿನಲ್ಲಿದೆ. ಅದೇ ರಾಮಾಯಣವನ್ನು ಬಯಲಾಟದಲ್ಲಿ ಕಾಣುವಾಗ ವೇಗ ಭಾಗವತರ ತಾಳಕ್ಕೆ ಸೇರಿಹೋಗುತ್ತದೆ. ಪತ್ರಿಕೆಯ ಚೌಕ ಅಮೃತಪುರದ ಗೋಡೆಯ ಜಾತಿಯದು, ಚಲನಚಿತ್ರ ಬಯಲಾಟದ ಜಾತಿಯದು.

ಬಿಟ್ಟ ಜಾಗದ ಬೆಲೆ ಎಷ್ಟೆಂಬುದಕ್ಕೆ ಒಂದು ಚಿಕ್ಕ ನಿದರ್ಶನ ಕೊಡುತ್ತೇನೆ. ಅಮೆರಿಕದ ಲೀ ಫಾಕ್ 1936ರಲ್ಲಿ ಆರಂಭಿಸಿದ ಫ್ಯಾಂಟಮ್ ಎಂಬ ವೀರನನ್ನು ನಮ್ಮಲ್ಲಿ ಅನೇಕರು ಬಲ್ಲರು. 1964ರಲ್ಲಿ ಹೊರಡಲಾರಂಭಿಸಿದ ಇಂದ್ರಜಾಲ ಕಾಮಿಕ್ಸ್ ಅವನನ್ನು ಮುಂದೆ ಕನ್ನಡದಲ್ಲಿಯೂ ಮಾತನಾಡಿಸಿತು. ಅವನ ಮುಖವಾಡದ ಹಿಂದೆ ಕಣ್ಣಿನ ಪಾಪೆ ಇಲ್ಲ, ಬರಿಯ ಬಿಳುಪು. ಹೆರಾಲ್ಡ್ ಗ್ರೇ 1924ರಿಂದ ಬರೆದ ಅನಾಥ ಬಾಲಕಿ ಆನಿಯ ಕಣ್ಣುಗಳೂ ಹಾಗೆಯೇ ಖಾಲಿ ಸೊನ್ನೆಗಳು. ಕೋಪವೋ ಕರುಣೆಯೋ ಭಯವೋ, ಅದನ್ನು ಆ ಸೊನ್ನೆಯೊಳಗೆ ಓದುಗನೇ ತುಂಬುತ್ತಿದ್ದ. ಆನಿಯ ಕಥೆ 1982ರಲ್ಲಿ ಜಾನ್ ಹ್ಯೂಸ್ಟನ್ ನಿರ್ದೇಶನದಲ್ಲಿಯೂ, ಫ್ಯಾಂಟಮನ ಕಥೆ 1996ರಲ್ಲಿಯೂ ಚಲನಚಿತ್ರಗಳಾದಾಗ ಇಬ್ಬರಿಗೂ ಕಣ್ಣು ಬಂದವು; ಬರಲೇಬೇಕಾಗಿತ್ತು, ನಟರು ಮನುಷ್ಯರಷ್ಟೆ. ಆ ಕಣ್ಣು ಎಷ್ಟೇ ಚೆಲುವಾಗಿರಲಿ, ಒಬ್ಬನೇ ನಟನ ಕಣ್ಣು.

ಕೆಲವರು ಇದಕ್ಕೆ ಬೇರೊಂದು ಉಪಾಯ ಹುಡುಕಿದರು: ನಟನನ್ನೇ ಗೆರೆಯಂತೆ ಮಾಡುವುದು. 1929ರಲ್ಲಿ ಎಲ್ಜಿ ಸೀಗರ್ ಅವರ ಚಿತ್ರಪಟ್ಟಿಯಲ್ಲಿ ಕಾಣಿಸಿಕೊಂಡ ನಾವಿಕ ಪಪಾಯ್‌ನನ್ನು ರಾಬರ್ಟ್ ಆಲ್ಟ್‌ಮನ್ 1980ರಲ್ಲಿ ತೆರೆಗೆ ತಂದಾಗ ನಟ ರಾಬಿನ್ ವಿಲಿಯಮ್ಸ್‌ಗೆ ಕೃತಕವಾದ ದಪ್ಪ ಮುಂಗೈಗಳನ್ನು ತೊಡಿಸಿದರು. ಮಾಲ್ಟಾ ದ್ವೀಪದಲ್ಲಿ ಮರದ ಮನೆಗಳ ಊರನ್ನೇ ಕಟ್ಟಿಸಿದರು. ಆ ಊರು ಇನ್ನೂ ಪ್ರವಾಸಿಗಳನ್ನು ಸೆಳೆಯುತ್ತಿದೆ. 1990ರ ‘ಡಿಕ್ ಟ್ರೇಸಿ’ಯಲ್ಲಿ ವಾರನ್ ಬೀಟಿ ಅಚ್ಚಿನ ಶಾಯಿಯನ್ನು ನೆನಪಿಸುವ ಕೆಲವೇ ಬಣ್ಣಗಳಲ್ಲಿ ಇಡೀ ನಗರವನ್ನು ತೋರಿಸಿದರು, ಖಳರಿಗೆ ವಿಕಾರವಾದ ಮುಖಗಳನ್ನು ಅಂಟಿಸಿದರು. ಪ್ರಸಾಧನಕ್ಕೂ ಕಲಾನಿರ್ದೇಶನಕ್ಕೂ ಆಸ್ಕರ್ ಬಂತು. ಯೋಗ್ಯವಾಗಿಯೇ ಬಂತು. ಆದರೂ ವೇಷವನ್ನು ಮೆಚ್ಚಿದಷ್ಟು ಪಾತ್ರವನ್ನು ಮೆಚ್ಚಲು ನನಗೆ ಸಾಧ್ಯವಾಗಿಲ್ಲ. ಕಾಗದದ ಮೇಲೆ ಉಬ್ಬಿದ ತೋಳು ಒಂದು ಗೆರೆ. ಮಾಂಸದ ಮೈಗೆ ಸೇರಿದಾಗ ಅದು ಊತದಂತೆ ಕಾಣುತ್ತದೆ.

ನಮ್ಮವರಲ್ಲಿ ಈ ಕೆಲಸಕ್ಕೆ ತೊಡಗಿದವರ ಮುಂದೆ ಇದಕ್ಕಿಂತ ಕಠಿಣವಾದ ಸಮಸ್ಯೆ ಇತ್ತು. ಮೈಸೂರಿನಲ್ಲಿ 1921ರಲ್ಲಿ ಹುಟ್ಟಿ, ರಾಶಿಯವರ ‘ಕೊರವಂಜಿ’ಗೆ ಚಿತ್ರ ಬರೆದು, ಮುಂಬಯಿಯ ‘ಟೈಮ್ಸ್ ಆಫ್ ಇಂಡಿಯಾ’ ಸೇರಿದ ಆರ್.ಕೆ. ಲಕ್ಷ್ಮಣರು 1951ರಿಂದ ಒಂದು ಕಿರುಚೌಕದಲ್ಲಿ ಶ್ರೀಸಾಮಾನ್ಯನನ್ನು ನಿಲ್ಲಿಸಿದರು. ಪಂಚೆ, ಚೌಕುಳಿಯ ಕೋಟು, ದುಂಡು ಕನ್ನಡಕ, ಕಿವಿಯ ಮೇಲೆ ಉಳಿದ ನಾಲ್ಕು ಕೂದಲು. ಮಂತ್ರಿಗಳು, ಅಧಿಕಾರಿಗಳು, ಕಂತ್ರಾಟುದಾರರು ಅವನ ಎದುರಿನಲ್ಲಿ ಎಷ್ಟು ಬೇಕಾದರೂ ಮಾತನಾಡುತ್ತಾರೆ, ಅವನು ಮಾತನಾಡುವುದಿಲ್ಲ. ಆ ಮೌನವೇ ಚಿತ್ರದ ತೀರ್ಪು. ಲಕ್ಷ್ಮಣರ ಗೆರೆ ಇದಕ್ಕೆ ಮೊದಲೇ ಸಿನಿಮಾಕ್ಕೆ ಬಂದಿತ್ತೆನ್ನಿ. ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ತರು 1955ರ ‘ಮಿಸ್ಟರ್ ಅಂಡ್ ಮಿಸೆಸ್ 55’ ಚಿತ್ರದಲ್ಲಿ ವ್ಯಂಗ್ಯಚಿತ್ರಕಾರನ ಪಾತ್ರ ವಹಿಸಿದಾಗ ತೆರೆಯ ಮೇಲೆ ಕಂಡ ವ್ಯಂಗ್ಯಚಿತ್ರಗಳು ಲಕ್ಷ್ಮಣರವು. ಆದರೆ ಅಲ್ಲಿ ಗೆರೆ ಗೆರೆಯಾಗಿಯೇ ಉಳಿದಿತ್ತು. ಅಣ್ಣ ಆರ್.ಕೆ. ನಾರಾಯಣರ ಕಥೆಗಳನ್ನು ಶಂಕರನಾಗ್ ‘ಮಾಲ್ಗುಡಿ ಡೇಸ್’ ಎಂದು ದೂರದರ್ಶನಕ್ಕೆ ತೆಗೆದಾಗಲೂ ಲಕ್ಷ್ಮಣರ ರೇಖೆಗಳು ಮೊದಲಲ್ಲಿ ಬಂದು ಸರಿದುಹೋಗುತ್ತಿದ್ದವು. ಅನಂತರ ಕಾಣುತ್ತಿದ್ದುದು ಆಗುಂಬೆಯ ನಿಜವಾದ ಬೀದಿ. ನ್ಯಾಮತಿ, ಹೊನ್ನಾಳಿಯವರು ಶಿವಮೊಗ್ಗಕ್ಕೆ ಹೋಗಿ ತೀರ್ಥಹಳ್ಳಿಯ ದಾರಿ ಹಿಡಿದರೆ ಆ ಬೀದಿಯನ್ನು ಈಗಲೂ ನೋಡಿ ಬರಬಹುದು.

ಮಾತನಾಡದವನನ್ನು ಧಾರಾವಾಹಿಯ ನಾಯಕನನ್ನಾಗಿ ಮಾಡುವುದು ಹೇಗೆ? 1988ರಲ್ಲಿ ಕುಂದನ್ ಷಾ ದೂರದರ್ಶನಕ್ಕೆ ‘ವಾಗ್ಲೆ ಕೀ ದುನಿಯಾ’ ನಿರ್ದೇಶಿಸಿದಾಗ ಎದ್ದ ಪ್ರಶ್ನೆ ಇದು. ಶ್ರೀಸಾಮಾನ್ಯನ ಚಿತ್ರವಿದ್ದ ಅಂಚೆಚೀಟಿ ಹೊರಬಂದದ್ದೂ ಅದೇ ವರ್ಷ. ಹಿಂದಿಯ ಈ ಧಾರಾವಾಹಿ ಚಲನಚಿತ್ರವಲ್ಲ, ಮೂಲವೂ ಪಟ್ಟಿಯಲ್ಲ, ಒಂದೇ ಚೌಕ. ಆದರೆ ಪತ್ರಿಕೆಯ ಗೆರೆಯ ಲೋಕಕ್ಕೆ ಜೀವಂತ ನಟರು ಬಂದ ನಿದರ್ಶನ ನಮ್ಮಲ್ಲಿ ಇದಕ್ಕಿಂತ ದೊಡ್ಡದು ನನಗೆ ಕಾಣದು. ಲಕ್ಷ್ಮಣರು ಕಲ್ಪಿಸಿಕೊಟ್ಟ ಈ ಪಾತ್ರಕ್ಕೆ ಪಂಚೆಯಿಲ್ಲ, ಚೌಕುಳಿಯ ಕೋಟಿಲ್ಲ, ಅಂಟಿಸಿದ ಮೂಗಿಲ್ಲ. ಅಂಜನ್ ಶ್ರೀವಾಸ್ತವ ಅಂಗಿ ಷರಾಯಿ ತೊಟ್ಟು ಕೆಲಸಕ್ಕೆ ಹೋಗುವ ಶ್ರೀನಿವಾಸ ವಾಗ್ಲೆಯಾದರು; ಭಾರತಿ ಅಚ್ರೇಕರ್ ಅವನ ಹೆಂಡತಿ ರಾಧಿಕೆಯಾದರು. ಶ್ರೀಸಾಮಾನ್ಯನ ಮೈಯನ್ನು ಬಿಟ್ಟು ಅವನ ಪಾಡನ್ನು ಮಾತ್ರ ತೆಗೆದುಕೊಂಡರು. ಇದು ಬಹಳ ವಿವೇಕದ ನಿರ್ಧಾರವೆಂದು ನನ್ನ ಅಭಿಪ್ರಾಯ. ಜಗಳೂರಿನಂಥ ಊರುಗಳಲ್ಲಿ ಟಿ.ವಿ. ಇದ್ದ ಮನೆಗಳು ಆಗ ಹೆಚ್ಚಿರಲಿಲ್ಲ. ಅದು ಇದ್ದ ಮನೆಯ ಪಡಸಾಲೆಯಲ್ಲಿ ಹಿಂದಿ ಬಾರದವರೂ ಕುಳಿತು ನಕ್ಕರು. ತಿಂಗಳ ಕೊನೆಯ ವಾರದ ಮುಖಭಾವಕ್ಕೆ ಅನುವಾದ ಬೇಕಾಗುವುದಿಲ್ಲ.

ಆದರೆ ಕಳೆದುಕೊಂಡುದೂ ಉಂಟು, ಅದು ಸಣ್ಣದಲ್ಲ. ಪತ್ರಿಕೆಯ ಚೌಕದಲ್ಲಿ ಶ್ರೀಸಾಮಾನ್ಯ ನಿಂತಿದ್ದುದು ಮಂತ್ರಿಯ ಮೇಜಿನ ಎದುರಿನಲ್ಲಿ. ಧಾರಾವಾಹಿಯ ವಾಗ್ಲೆ ಹೆಚ್ಚಾಗಿ ನಿಂತಿದ್ದುದು ಮನೆ, ಕಛೇರಿ, ನೆರೆಹೊರೆಗಳ ತಾಪತ್ರಯದ ಎದುರಿನಲ್ಲಿ. ಆಗಿನ ದೂರದರ್ಶನ ಸರ್ಕಾರದ ಇಲಾಖೆ. ಪ್ರಸಾರ ಭಾರತಿ ಜಾರಿಗೆ ಬಂದದ್ದು 1997ರಲ್ಲಿ. ಆಳುವವರನ್ನು ದಿನವೂ ನಗೆಗೀಡು ಮಾಡುತ್ತಿದ್ದ ಚೌಕವನ್ನು ಆಳುವವರದೇ ಪರದೆಯ ಮೇಲೆ ಹಾಗೆಯೇ ಹರಡುವುದು ಸುಲಭದ ಮಾತಾಗಿರಲಿಲ್ಲ. ಮಾಧ್ಯಮದ ಗುಣವೂ ಇದಕ್ಕೆ ಕಾರಣ. ಒಂದು ಕ್ಷಣದ ಮೌನ ಚೌಕದಲ್ಲಿ ಬೆಳಗಿನಿಂದ ಸಂಜೆಯವರೆಗೆ ನಿಲ್ಲುತ್ತದೆ. ಅರ್ಧ ಗಂಟೆಯ ಮೌನವನ್ನು ಯಾವ ನಟನೂ ಹೊರಲಾರ. ನಾಯಕ ಮಾತನಾಡಬೇಕು, ದೂರಬೇಕು, ಹೆಂಡತಿಯೊಡನೆ ಜಗಳವಾಡಿ ರಾಜಿಯಾಗಬೇಕು. ಮಾತು ಬಂದೊಡನೆ ಅವನು ನಮ್ಮ ನೆರೆಮನೆಯ ಒಳ್ಳೆಯ ಮನುಷ್ಯನಾದ. ತೀರ್ಪು ಕೊಡುತ್ತಿದ್ದ ಸಾಕ್ಷಿಯಾಗಿ ಉಳಿಯಲಿಲ್ಲ. ವಾಗ್ಲೆಯನ್ನು ಪ್ರೀತಿಯಿಂದ ನೆನೆಯುವವರಲ್ಲಿ ನಾನೂ ಒಬ್ಬ. ಆದರೆ ಅವನಿಗೆ ಯಾವ ಮಂತ್ರಿಯೂ ಹೆದರಿರಲಾರ.

ಇನ್ನೊಂದು ವ್ಯತ್ಯಾಸ ಕಾಲದ್ದು. ಚೌಕದೊಳಗಿನವರಿಗೆ ವಯಸ್ಸಾಗುವುದಿಲ್ಲ. ಲಕ್ಷ್ಮಣರು 2015ರಲ್ಲಿ ತೀರಿಕೊಂಡರು. ಅವರ ಶ್ರೀಸಾಮಾನ್ಯ ಅದೇ ಕೋಟಿನಲ್ಲಿ, ಅದೇ ಕನ್ನಡಕದಲ್ಲಿ ಉಳಿದ. ವಾಗ್ಲೆಯ ಕಥೆ 2021ರಲ್ಲಿ ಮತ್ತೆ ಖಾಸಗಿ ವಾಹಿನಿಯೊಂದರಲ್ಲಿ ಆರಂಭವಾದಾಗ ನಾಯಕನ ಸ್ಥಾನ ಮಗನಿಗೆ ಹೋಗಿತ್ತು. ಅಂಜನ್ ಶ್ರೀವಾಸ್ತವ, ಭಾರತಿ ಅಚ್ರೇಕರ್ ಇಬ್ಬರೂ ಅದೇ ಹೆಸರಿನ ಪಾತ್ರಗಳಲ್ಲಿ ಮರಳಿದರು, ಮೊಮ್ಮಕ್ಕಳಿರುವ ಮನೆಯ ಅಜ್ಜ ಅಜ್ಜಿಯರಾಗಿ.