ಅಂತರಜಾಲದ ಮೇಲೆ ಸರ್ಕಾರದ ನಿಗಾ: ವರ್ತಕರು ತಿಳಿದಿರಬೇಕಾದ ಕಾನೂನು

ಲೆಕ್ಕದ ಪುಸ್ತಕಗಳು ಕೆಂಪು ಬಟ್ಟೆಯ ಹೊದಿಕೆಯಲ್ಲಿ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿರುತ್ತಿದ್ದ ಕಾಲದಲ್ಲಿ, ಅವುಗಳನ್ನು ನೋಡಬಯಸುವ ಅಧಿಕಾರಿಯು ಅಂಗಡಿಯ ಮೆಟ್ಟಿಲು ಹತ್ತಲೇಬೇಕಾಗಿತ್ತು. ಅವರು ಬಂದದ್ದು ಮಾಲೀಕನಿಗೆ ತಿಳಿಯುತ್ತಿತ್ತು. ಅವರು ತೋರಿಸುವ ಆದೇಶವನ್ನು ಆತ ಓದಿಕೊಳ್ಳಬಹುದಿತ್ತು. ಇಂದು ದರಪಟ್ಟಿ ಇ-ಮೇಲ್‌ನಲ್ಲಿ ಹೋಗುತ್ತದೆ, ಸರಕಿನ ಬೇಡಿಕೆ ವಾಟ್ಸಾಪ್‌ನಲ್ಲಿ ಬರುತ್ತದೆ, ಲೆಕ್ಕಪತ್ರಗಳು ದೂರದ ಸರ್ವರ್‌ಗಳಲ್ಲಿರುತ್ತವೆ. ಇವುಗಳನ್ನು ಸರ್ಕಾರವು ಯಾವಾಗ, ಯಾರ ಅಪ್ಪಣೆಯಿಂದ ನೋಡಬಹುದು? ಸರ್ಕಾರ ಎಲ್ಲವನ್ನೂ ನೋಡುತ್ತಲೇ ಇರುತ್ತದೆ ಎಂಬ ಭಯವೂ ಸರಿಯಲ್ಲ. ಸಣ್ಣ ವ್ಯಾಪಾರಿಯ ಗೊಡವೆ ಯಾರಿಗೆ ಬೇಕು ಎಂಬ ಧೈರ್ಯವೂ ಸರಿಯಲ್ಲ. ಕಾನೂನಿನಲ್ಲಿ ಇದಕ್ಕೆ ಎರಡು ಮಾರ್ಗಗಳಿವೆ. ಒಂದು ಗುಪ್ತವಾದದ್ದು, ಇನ್ನೊಂದು ಬಹಿರಂಗವಾದದ್ದು. ಎರಡನ್ನೂ ಒಂದೇ ಎಂದು ಭಾವಿಸುವುದರಿಂದಲೇ ಹೆಚ್ಚಿನ ಗೊಂದಲ ಹುಟ್ಟುತ್ತದೆ.

ಗುಪ್ತ ಮಾರ್ಗ

ಮಾಹಿತಿ ತಂತ್ರಜ್ಞಾನ ಕಾಯಿದೆ, 2000ರ 69ನೇ ಕಲಮಿನ ಪ್ರಕಾರ ಕೇಂದ್ರ ಅಥವಾ ರಾಜ್ಯ ಸರ್ಕಾರವು ಲಿಖಿತ ಕಾರಣ ನೀಡಿ, ಯಾವುದೇ ಗಣಕಯಂತ್ರದಲ್ಲಿರುವ ಅಥವಾ ಅದರ ಮೂಲಕ ಹಾದುಹೋಗುವ ಮಾಹಿತಿಯನ್ನು ನಡುವೆಯೇ ಪಡೆದು ನೋಡುವಂತೆ ಆದೇಶಿಸಬಹುದು. ಗೂಢಲಿಪಿಯಲ್ಲಿರುವುದನ್ನು ಬಿಡಿಸಿಕೊಡಲು ಸಂಬಂಧಪಟ್ಟವರು ನೆರವಾಗದಿದ್ದರೆ ಏಳು ವರ್ಷಗಳವರೆಗೆ ಸೆರೆವಾಸವುಂಟು. ಈ ಹೊಣೆ ದೊಡ್ಡ ಕಂಪನಿಗಳದ್ದು ಮಾತ್ರವಲ್ಲ. ಕಾರ್ಖಾನೆಯ ಗಣಕಯಂತ್ರದ ಉಸ್ತುವಾರಿ ಹೊತ್ತವರಿಗೂ ಅನ್ವಯಿಸುತ್ತದೆ.

ಕೇಂದ್ರ ಗೃಹ ಸಚಿವಾಲಯವು 2018ರ ಡಿಸೆಂಬರ್ 20ರಂದು ಹೊರಡಿಸಿದ ಆದೇಶದಲ್ಲಿ ಈ ಅಧಿಕಾರಕ್ಕಾಗಿ ಹತ್ತು ಸಂಸ್ಥೆಗಳನ್ನು ಹೆಸರಿಸಿತು. ಗುಪ್ತಚರ ದಳ, ಸಿ.ಬಿ.ಐ., ರಾಷ್ಟ್ರೀಯ ತನಿಖಾ ದಳಗಳು ಅಲ್ಲಿರುವುದು ನಿರೀಕ್ಷಿತವೇ. ಆದರೆ ನೇರ ತೆರಿಗೆಗಳ ಕೇಂದ್ರ ಮಂಡಳಿ, ಕಂದಾಯ ಗುಪ್ತಚರ ನಿರ್ದೇಶನಾಲಯ ಮತ್ತು ಜಾರಿ ನಿರ್ದೇಶನಾಲಯಗಳೂ ಆ ಪಟ್ಟಿಯಲ್ಲಿವೆ. ಹತ್ತರಲ್ಲಿ ಮೂರು ಸಂಸ್ಥೆಗಳ ಕೆಲಸ ಹಣಕಾಸು ಹಾಗೂ ತೆರಿಗೆಗೆ ಸಂಬಂಧಿಸಿದ್ದು ಎಂಬುದನ್ನು ವರ್ತಕರು ವಿಶೇಷವಾಗಿ ಗಮನಿಸಬೇಕು.

ಇಲ್ಲೊಂದು ಸೂಕ್ಷ್ಮವಿದೆ. ದೂರವಾಣಿ ಕದ್ದಾಲಿಕೆಗೆ ಆಧಾರವಾಗಿದ್ದ 1885ರ ಟೆಲಿಗ್ರಾಫ್ ಕಾಯಿದೆಯ 5(2)ನೇ ಕಲಂ, ಸಾರ್ವಜನಿಕ ತುರ್ತು ಪರಿಸ್ಥಿತಿ ಅಥವಾ ಸಾರ್ವಜನಿಕ ಸುರಕ್ಷತೆಯ ಅಗತ್ಯವಿದ್ದಾಗ ಮಾತ್ರ ಅನುಮತಿ ನೀಡುತ್ತಿತ್ತು. 2023ರ ದೂರಸಂಪರ್ಕ ಕಾಯಿದೆಯೂ ಆ ಷರತ್ತನ್ನು ಉಳಿಸಿಕೊಂಡಿದೆ. 69ನೇ ಕಲಮಿನಲ್ಲಿ ಆ ಷರತ್ತಿಲ್ಲ. ದೇಶದ ಭದ್ರತೆಯಂತಹ ಕಾರಣಗಳ ಜೊತೆಗೆ "ಯಾವುದೇ ಅಪರಾಧದ ತನಿಖೆ" ಎಂಬುದೂ ಅಲ್ಲಿ ಸಾಕಾಗುತ್ತದೆ. ಹೀಗಾಗಿ ಇಬ್ಬರು ವರ್ತಕರು ದೂರವಾಣಿಯಲ್ಲಿ ಆಡಿದ ಮಾತಿಗಿರುವಷ್ಟು ರಕ್ಷಣೆ, ಅದೇ ಮಾತನ್ನು ಇ-ಮೇಲ್‌ನಲ್ಲಿ ಬರೆದಾಗ ಇರುವುದಿಲ್ಲ.

ಈ ವ್ಯತ್ಯಾಸದ ಬೆಲೆಯೇನು ಎಂಬುದಕ್ಕೆ ಮುಂಬಯಿಯ ಒಂದು ಪ್ರಕರಣವಿದೆ. ಸಾಲ ಸಂಬಂಧಿ ಅನುಕೂಲಕ್ಕಾಗಿ ಬ್ಯಾಂಕ್ ಅಧಿಕಾರಿಗೆ ಲಂಚ ನೀಡಿದ ಆರೋಪ ಹೊತ್ತ ಉದ್ಯಮಿಯೊಬ್ಬರ ದೂರವಾಣಿ ಕದ್ದಾಲಿಕೆಗೆ ಹೊರಡಿಸಿದ್ದ ಮೂರು ಆದೇಶಗಳನ್ನು ಬಾಂಬೆ ಹೈಕೋರ್ಟ್ 2019ರ ಅಕ್ಟೋಬರ್‌ನಲ್ಲಿ ರದ್ದುಪಡಿಸಿ, ಧ್ವನಿಮುದ್ರಣಗಳನ್ನು ನಾಶಪಡಿಸಲು ಹೇಳಿತು. ಸಾರ್ವಜನಿಕ ಸುರಕ್ಷತೆಯ ಷರತ್ತು ಅಲ್ಲಿ ಪೂರೈಸಿರಲಿಲ್ಲ. 2025ರಲ್ಲಿ ಮದ್ರಾಸ್ ಹೈಕೋರ್ಟ್ ಕೂಡ ಇಂತಹುದೇ ತೀರ್ಪಿತ್ತಿತು. ಆದರೆ ಅದೇ ವರ್ಷ ದೆಹಲಿ ಹೈಕೋರ್ಟ್, ಭಾರಿ ಪ್ರಮಾಣದ ಭ್ರಷ್ಟಾಚಾರವು ಸಾರ್ವಜನಿಕ ಸುರಕ್ಷತೆಗೆ ಧಕ್ಕೆ ತರಬಲ್ಲುದೆಂದು ಅಭಿಪ್ರಾಯಪಟ್ಟಿತು. ಷರತ್ತೇ ಇಲ್ಲದ ಕಲಮಿನಡಿ ಇಂತಹ ವಾದವನ್ನು ಎತ್ತುವುದಕ್ಕೂ ಅವಕಾಶ ಕಡಿಮೆ.

ಹಾಗೆಂದು ಲಗಾಮೇ ಇಲ್ಲವೆಂದಲ್ಲ. 2009ರ ನಿಯಮಗಳಂತೆ ಆದೇಶವನ್ನು ಕೇಂದ್ರದ ಅಥವಾ ರಾಜ್ಯದ ಗೃಹ ಕಾರ್ಯದರ್ಶಿಯವರೇ ನೀಡಬೇಕು. ಅದರ ಅವಧಿ 60 ದಿನಗಳು; ವಿಸ್ತರಿಸಿದರೂ ಒಟ್ಟು 180 ದಿನಗಳನ್ನು ಮೀರುವಂತಿಲ್ಲ. ಪರಿಶೀಲನಾ ಸಮಿತಿಯು ಕನಿಷ್ಠ ಎರಡು ತಿಂಗಳಿಗೊಮ್ಮೆ ಸೇರಬೇಕು. ಆದರೆ ಆ ಸಮಿತಿಯಲ್ಲಿರುವವರೂ ಸರ್ಕಾರದ ಕಾರ್ಯದರ್ಶಿಗಳೇ. ಅಪ್ಪಣೆ ಕೊಟ್ಟವರು, ಕೆಲಸ ನಡೆಸಿದವರು, ಪರಿಶೀಲಿಸುವವರು ಎಲ್ಲರೂ ಒಂದೇ ಮನೆಯವರು. ಒಳಗಿನವರೇ ಆಡಿಟ್ ಮಾಡಿದ ಲೆಕ್ಕವನ್ನು ಬ್ಯಾಂಕುಗಳೂ ಒಪ್ಪುವುದಿಲ್ಲ. ಇದಕ್ಕಿಂತ ಗಂಭೀರವಾದ ಕೊರತೆಯೆಂದರೆ, ನಿಗಾಕ್ಕೆ ಒಳಗಾದವನಿಗೆ ನಂತರವೂ ತಿಳಿಸುವ ವಿಧಿ ಇಲ್ಲದಿರುವುದು. ಮೊಕದ್ದಮೆ ಹೂಡಿದರೆ ವಿಷಯ ಹೊರಬರುತ್ತದೆ; ಏನೂ ದೊರೆಯದೆ ಕಡತ ಮುಚ್ಚಿದರೆ ಆತನಿಗೆ ಎಂದೂ ತಿಳಿಯುವುದಿಲ್ಲ. ತಿಳಿಯದ ವಿಷಯಕ್ಕೆ ನ್ಯಾಯಾಲಯದ ಬಾಗಿಲು ತಟ್ಟುವುದು ಹೇಗೆ?

ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಸಾರಿತು. ಆಧಾರ್ ಯೋಜನೆಯನ್ನು ಪ್ರಶ್ನಿಸಿ ಆ ಮೊಕದ್ದಮೆಯನ್ನು 2012ರಲ್ಲಿ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಸರ್ಕಾರದ ಹಸ್ತಕ್ಷೇಪಕ್ಕೆ ಕಾನೂನಿನ ಆಧಾರ, ನ್ಯಾಯಯುತ ಉದ್ದೇಶ ಮತ್ತು ಉದ್ದೇಶಕ್ಕೆ ತಕ್ಕಷ್ಟೇ ಪ್ರಮಾಣ ಇರಬೇಕೆಂಬ ಅಳತೆಗೋಲು ಆ ತೀರ್ಪಿನಿಂದ ದೊರೆಯಿತು.

ಬಹಿರಂಗ ಮಾರ್ಗ

ವರ್ತಕನಿಗೆ ಹೆಚ್ಚಾಗಿ ಎದುರಾಗುವುದು ತಪಾಸಣೆ. ಗಣಕಯಂತ್ರದ ಲೆಕ್ಕಗಳನ್ನು ನೋಡಲು ಅನುವು ಮಾಡಿಕೊಡಬೇಕೆಂಬ ವಿಧಿ 1961ರ ಆದಾಯ ತೆರಿಗೆ ಕಾಯಿದೆಗೆ 2002ರಲ್ಲಿಯೇ ಸೇರಿತ್ತು. 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಕಾಯಿದೆಯ 247ನೇ ಕಲಂ ಇದನ್ನು ಬಿಡಿಸಿ ಹೇಳಿದೆ: ಇ-ಮೇಲ್, ಸಾಮಾಜಿಕ ಜಾಲತಾಣದ ಖಾತೆ, ಕ್ಲೌಡ್ ಸರ್ವರ್, ಅಂತರಜಾಲದ ಬ್ಯಾಂಕ್ ಮತ್ತು ಹೂಡಿಕೆ ಖಾತೆ ಎಲ್ಲವೂ ತಪಾಸಣೆಯ ವ್ಯಾಪ್ತಿಗೆ ಬರುತ್ತವೆ, ಪಾಸ್‌ವರ್ಡ್ ಕೊಡದಿದ್ದರೆ ಅದನ್ನು ಮೀರಿ ಪ್ರವೇಶಿಸಬಹುದು. ಇದನ್ನು ಕಂಡು ಇಲಾಖೆಯು ದಿನವೂ ಎಲ್ಲರ ಮೇಲ್ ಓದುತ್ತದೆಂದು ಹಬ್ಬಿದ ಸುದ್ದಿ ನಿಜವಲ್ಲ. ಆದಾಯ ಮುಚ್ಚಿಟ್ಟಿರುವ ಬಗ್ಗೆ ನಂಬಲು ಕಾರಣವಿದ್ದು, ಅಧಿಕೃತ ತಪಾಸಣೆ ನಡೆಯುವಾಗ ಮಾತ್ರ ಈ ಅಧಿಕಾರ. ಜಿ.ಎಸ್.ಟಿ. ಕಾಯಿದೆಯ 67ನೇ ಕಲಮಿನಲ್ಲಿಯೂ ವಿದ್ಯುನ್ಮಾನ ಸಾಧನಗಳನ್ನು ತೆರೆಸುವ ಅಧಿಕಾರವಿದೆ.

ವಾಟ್ಸಾಪ್ ಸಂದೇಶಗಳು ಗೂಢಲಿಪಿಯಲ್ಲಿರುವುದರಿಂದ ಯಾರಿಗೂ ಸಿಗುವುದಿಲ್ಲ ಎಂಬ ನಂಬಿಕೆ ಬಹಳ ಜನರಲ್ಲಿದೆ. ದಾರಿಯಲ್ಲಿ ಸಾಗುವಾಗ ಅವು ಭದ್ರ, ನಿಜ. ಆದರೆ ದೂರವಾಣಿ ಸಾಧನವೇ ಅಧಿಕಾರಿಯ ಕೈಗೆ ಬಂದಾಗ ಆ ಭದ್ರತೆಗೆ ಅರ್ಥವಿಲ್ಲ. ವ್ಯಾಪಾರಕ್ಕೂ ಮನೆಗೂ ಒಂದೇ ಫೋನ್ ಬಳಸುವವರ ಕುಟುಂಬದ ಮಾತುಕತೆ, ವೈದ್ಯಕೀಯ ವರದಿಗಳೆಲ್ಲ ಲೆಕ್ಕದ ಜೊತೆಗೇ ಹೋಗುತ್ತವೆ. ಎರಡನ್ನೂ ಪ್ರತ್ಯೇಕಿಸುವುದು ಅಲ್ಪ ವೆಚ್ಚದ ಕೆಲಸ. ತಪಾಸಣೆಯ ವೇಳೆ ಅಧಿಕಾರ ಪತ್ರವನ್ನು ಓದಿ ಯಾವ ಕಲಂ ಎಂಬುದನ್ನು ಗುರುತು ಹಾಕಿಕೊಳ್ಳಬೇಕು. ವಶಪಡಿಸಿಕೊಂಡ ಪ್ರತಿ ಸಾಧನವೂ ಪಂಚನಾಮೆಯಲ್ಲಿ ದಾಖಲಾಗಿದೆಯೇ ಎಂದು ನೋಡಿ ಪ್ರತಿ ಪಡೆಯಬೇಕು.

ವರ್ತಕರ ಹೊಣೆ

ಸೈಬರ್ ಭದ್ರತೆಯ ಕೇಂದ್ರ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ನೀಡಿದ ನಿರ್ದೇಶನಗಳಂತೆ, ಸೈಬರ್ ದಾಳಿಯಾದರೆ ಆರು ಗಂಟೆಗಳೊಳಗೆ ವರದಿ ಮಾಡಬೇಕು. ಗಣಕ ವ್ಯವಸ್ಥೆಯ ಲಾಗ್ ದಾಖಲೆಗಳನ್ನು 180 ದಿನ ಇಟ್ಟಿರಬೇಕು. ಸಣ್ಣ ಉದ್ದಿಮೆಗಳಿಗೆ ನೀಡಿದ್ದ ಕಾಲಾವಕಾಶ 2022ರ ಸೆಪ್ಟೆಂಬರ್‌ನಲ್ಲಿಯೇ ಮುಗಿದಿದೆ. ಗ್ರಾಹಕರ ಮಾಹಿತಿಯನ್ನು ಕಾಪಾಡುವ ಹೊಣೆಯನ್ನು 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ವರ್ತಕರ ಮೇಲೆ ಹೊರಿಸುತ್ತದೆ. ದಂಡ 250 ಕೋಟಿ ರೂಪಾಯಿಗಳವರೆಗೂ ಹೋಗಬಹುದು. ಅದೇ ಕಾಯಿದೆಯ 17ನೇ ಕಲಂ ಮಾತ್ರ ಸರ್ಕಾರವು ತಾನು ಅಧಿಸೂಚಿಸಿದ ಸಂಸ್ಥೆಗಳನ್ನು ಪೂರ್ಣವಾಗಿ ಹೊರಗಿಡಲು ಅವಕಾಶ ಕೊಟ್ಟಿದೆ. ಸಣ್ಣ ಅಂಗಡಿಗೆ ಇರುವ ಕಟ್ಟುಪಾಡು ಆ ಸಂಸ್ಥೆಗಳಿಗೆ ಇಲ್ಲ.

ಭಯದಿಂದ ಹಳೆಯ ಕಡತಗಳನ್ನು ಅಳಿಸಿಹಾಕುವುದು ಇದಕ್ಕೆ ಪರಿಹಾರವಲ್ಲ. ಜಿ.ಎಸ್.ಟಿ. ಲೆಕ್ಕಗಳನ್ನು ವಾರ್ಷಿಕ ವಿವರ ಸಲ್ಲಿಸಬೇಕಾದ ಕೊನೆಯ ದಿನಾಂಕದಿಂದ 72 ತಿಂಗಳು ಇಡಲೇಬೇಕು. ಸಾಕ್ಷ್ಯವಾಗಬಲ್ಲ ವಿದ್ಯುನ್ಮಾನ ದಾಖಲೆಯನ್ನು ಉದ್ದೇಶಪೂರ್ವಕವಾಗಿ ನಾಶಪಡಿಸುವುದು ಭಾರತೀಯ ನ್ಯಾಯ ಸಂಹಿತೆಯಡಿ ಪ್ರತ್ಯೇಕ ಅಪರಾಧವಾಗುತ್ತದೆ.